ಶರಣುನ ಕಡೀ ಮಾತು

ಹೋದ ತಿಂಗಳು ಚೌಡಾಪುರದ ಹತ್ತಿರ ನಮ್ಮ ಬಸ್ಸಿನ ಟೈರ್ ಒಡೆಯಿತು. ಢಂ! ಅಂತ ಒಂದೇ ಸಪ್ಪಳ.

ಎಲ್ಲರೂ ಕಿಟಕಿಯಿಂದ ಹೊರಗೆ ಇಣುಕಿದೆವು. ನನ್ನ ಪಕ್ಕ ಕೂತಿದ್ದ ಅಕ್ಕನ ಮಗ ಮಲ್ಲು ಮಾತ್ರ ಸೀಟಿನ ಮೇಲಿರಲಿಲ್ಲ. ಕೆಳಗೆ, ಮೊಣಕಾಲಿಗೆ ಹಣೆ ಹಚ್ಚಿ ಮುದ್ದೆಯಾಗಿ ಬಿದ್ದಿದ್ದ. ಇಪ್ಪತ್ತು ವರ್ಷದವ. ಕುಸ್ತಿ ಆಡಿದ ಮೈ.

"ಏಳಲೇ ಪೈಲ್ವಾನ, ಟೈರ್ ಒಡದದ ಅಷ್ಟ!" ಅಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. (ನಾನೂ ಒಂಚೂರು ನಕ್ಕೆ. ಸುಳ್ಳು ಯಾಕೆ ಹೇಳಲಿ?)

ಅದಕ್ಕೂ ಏಳು ತಿಂಗಳ ಹಿಂದೆ ಜೇವರ್ಗಿ ಕಡೆ ಒಂದು ಲಗ್ನ. ದೊಡ್ಡ ಮನೆತನದ ಲಗ್ನ ಅಂದರೆ ಮೆರವಣಿಗೆಯ ಮುಂದೆ ಬಂದೂಕು ಹಾರಲೇಬೇಕು. ಹಾರದಿದ್ದರೆ ಬೀಗರೆದುರು ಮಾನ ಹೋಗುತ್ತದಂತೆ! ಆವತ್ತು ಬಂದೂಕು ಹಿಡಿದವನ ಕಾಲು ಜಾರಿತು. ಆಕಾಶಕ್ಕೆ ಹೋಗಬೇಕಾದದ್ದು ಮಂದಿಯೊಳಗೆ ಬಂತು. ಮಲ್ಲುನ ಭುಜಕ್ಕೆ ಜೋಳದ ಕಾಳಿನಷ್ಟು ಐದಾರು ಗುಂಡು. ಪಕ್ಕದಲ್ಲಿದ್ದ ಗೆಳೆಯ, ಮಣ್ಣೂರಿನ ಶರಣು, ಅಲ್ಲೇ ಹೋದ.

ಗುಲಬರ್ಗಾದಲ್ಲಿ ಗುಂಡು ತೆಗೆಸಿದೆವು. ಹೊಲಿಗೆ ಬಿಚ್ಚಿದ ದಿನ, ಆರಾಮಾದ ಅಂದುಕೊಂಡು ಕರೆತಂದೆವು. ಆದರೆ ಅವನಿಗೆ ನಿದ್ದೆಯಿಲ್ಲ. ಗರಡಿ ಮನೆಯ ಕಡೆ ತಲೆ ಹಾಕಲಿಲ್ಲ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಬೆವೆತುಹೋಗುತ್ತಿದ್ದ. ತಾಯಿತ ಕಟ್ಟಿಸಿದೆವು. ಆ ದಿನ ಬಸ್ಸಿನಲ್ಲಿದ್ದದ್ದೂ ಗಾಣಗಾಪುರದ ದತ್ತನ ಗುಡಿಗೆ ಹೋಗಿ ಬರುವ ದಾರಿಯಲ್ಲೇ.

ಜಡ್ಡಾದವರನ್ನು ಮಾತಾಡಿಸಲು ಹೋಗುವುದು ನಮ್ಮಲ್ಲಿ ಪದ್ಧತಿ. ಬ್ರೆಡ್ಡು, ಮೋಸಂಬಿ ಹಿಡಿದು ಊರೇ ಬಂತು. ಎಲ್ಲರದೂ ಒಂದೇ ಪ್ರಶ್ನೆ: "ಹೆಂಗಾತೋ ತಮ್ಮಾ?"

ಮಲ್ಲು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದವ ನಾನು. (ನಿಮಗೆ ಗೊತ್ತಲ್ಲ, ಕಥೆ ಹೇಳೋದಂದರೆ ನನಗೆ ಊಟಕ್ಕಿಂತ ಹೆಚ್ಚು. ಅಜ್ಜನಿಂದ ಬಂದ ರೋಗ.) ಹೇಳಿ ಹೇಳಿ ಕಥೆಗೆ ಕೈಕಾಲು ಮೂಡಿದವು. ಅಫಜಲಪುರದ ಚಹಾದಂಗಡಿಯಲ್ಲಿ ಒಂದು ದಿನ, ನನ್ನ ಕಥೆಯೊಳಗೆ, ಶರಣು ಮಲ್ಲುನ ತೊಡೆಯ ಮೇಲೆ ತಲೆಯಿಟ್ಟು 'ನಮ್ಮವ್ವನ್ನ ನೋಡ್ಕೋ' ಅಂದು ಪ್ರಾಣ ಬಿಟ್ಟ. ಕೇಳಿದವರ ಕಣ್ಣಲ್ಲಿ ನೀರು. ನನಗೋ ಒಳಗೊಳಗೇ ಹಿಗ್ಗು.

ಟೈರ್ ಬದಲಿಸುವ ತನಕ ಇಬ್ಬರೂ ಬೇವಿನ ಗಿಡದ ಕೆಳಗೆ ಕುಳಿತೆವು. ಬಸ್ಸಿನೊಳಗಿನ ಆ ನಗೆ ಕಿವಿಯಲ್ಲೇ ಇತ್ತು. ನಾಚಿಕೆಗೆ ನಾನು ಬಾಯಿ ಬಿಡಲಿಲ್ಲ. ಆಗ ಅವನೇ ಅಂದ:

"ಮಾಮಾ, ಶರಣು ಹಿಂದ ನಿಂತಿದ್ದ. ಬಾರಲೇ, ಇಲ್ಲಿಂದ ಬಂದೂಕು ಚಲೋ ಕಾಣ್ತದ ಅಂತ ನಾನೇ ಕೈ ಹಿಡದು ಮುಂದ ಜಗ್ಗಿದೆ. ಇದನ್ನ ಯಾರಿಗರೆ ಹೇಳೀನೇನ್ರಿ? ನೀವು ಹೇಳಾಕ ಬಿಟ್ಟೀರೇನು?"

'ನಿನ್ನ ತಪ್ಪಲ್ಲ' ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. "ಈಗೇನು ಮಾಡೋಣಪ್ಪಾ?" ಅಂದೆ.

"ಅವರವ್ವನ ಹತ್ರ ಹೋಗಬೇಕ್ರಿ."

ಅಷ್ಟು ದಿನವೂ ಹಿರಿಯರು ಅವನನ್ನು ತಡೆದಿದ್ದರು. ನಿನ್ನ ಮುಖ ನೋಡಿದರೆ ಆಕೆ ಅಳುತ್ತಾಳೆ ಅಂತ. (ನೋಡದಿದ್ದರೆ ಅಳುವುದಿಲ್ಲವೇ?) ಮರುದಿನ ಮಣ್ಣೂರಿಗೆ ಹೋದೆವು.

ಶರಣುನ ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. ಮಲ್ಲು ಎಲ್ಲ ಹೇಳಿದ, ಜಗ್ಗಿದ್ದನ್ನೂ. ಆಕೆ ಬಹಳ ಹೊತ್ತು ಕಾಳಿನೊಳಗೆ ಬೆರಳಾಡಿಸಿದಳು.

"ಕಡೀಕ ನಮ್ಮವ್ವನ್ನ ನೋಡ್ಕೋ ಅಂದನಂತಲ್ಲೋ? ಮಂದಿ ಹೇಳ್ತಾರ. ಅದನ್ನ ನೆನಸಿಕೊಂಡೇ ನಾ ರಾತ್ರಿ ಮಕ್ಕೋತೇನಿ."

ಮಲ್ಲು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಇಲ್ಲ ಯವ್ವಾ. 'ಜಗ್ಗಬ್ಯಾಡಲೇ, ಹೊಸಾ ಅಂಗಿ ಹರೀತದ' ಅಂದ. ಅಷ್ಟ."

ಆಕೆಯ ಮುಖದ ಮೇಲೆ ನಗುವಿನಂಥದ್ದೇನೋ ಬಂದು ಹೋಯಿತು. "ಆಳಂದದಿಂದ ಬಟ್ಟಿ ತರಿಸಿ ಹೊಲಿಸಿದ್ದೆ. ಲಗ್ನದಾಗ ಅಂಗಿ ಜ್ವಾಕಿ ಅಂದಿದ್ದೆ. ಜ್ವಾಕಿ ಮಾಡ್ಯಾನ ನೋಡು ನನ್ನ ಮಗ." ಅಷ್ಟಂದು ಸೆರಗು ಬಾಯಿಗೆ ಒತ್ತಿಕೊಂಡಳು. ಮಲ್ಲು ಆಕೆಯ ಕಾಲ ಬಳಿ ಕುಸಿದು ಅತ್ತ. ಗುಂಡು ತಾಗಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಆ ಸುಳ್ಳು ಹುಟ್ಟಿಸಿದವ ನಾನೇ ಅಂತ ಒಪ್ಪಿಕೊಂಡೆ. ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಲ್ಲು ಆರಾಮಾದ ಅಂತ ಬರೆಯಲಾರೆ. ಮೊನ್ನೆ ಓಣಿಯಲ್ಲಿ ಪಟಾಕಿ ಸಿಡಿದಾಗ ಮತ್ತೆ ಗೋಡೆಗೆ ಅಂಟಿ ಕುಳಿತ. ನಾನು ಹೋಗಿ ಪಕ್ಕದಲ್ಲಿ ಕುಳಿತೆ, ಅಷ್ಟೇ. (ಇಷ್ಟು ಬರೆಯುವುದಕ್ಕೂ ಅವನನ್ನು ಕೇಳಿದ್ದೇನೆ. "ಖರೇ ಇದ್ದಷ್ಟ ಬರೀರಿ ಮಾಮಾ" ಅಂದ.)

ಈಗ ಪ್ರತಿ ಸೋಮವಾರ ಮಲ್ಲು ಒಬ್ಬನೇ ಮಣ್ಣೂರಿಗೆ ಹೋಗಿ ಬರುತ್ತಾನೆ. ಅವರಿಬ್ಬರೂ ಏನು ಮಾತಾಡುತ್ತಾರೋ ನಾನು ಕೇಳಿಲ್ಲ. ಕೇಳಿದರೆ ನಿಮಗೆ ಹೇಳಿಬಿಡುತ್ತೇನಲ್ಲ!