ಎರಡನೇ ಬ್ರೇಕು

ನಮ್ಮ ಭಾವನಿಗೆ ಊರಲ್ಲೆಲ್ಲ ಬ್ರೇಕ್ ಮೇಷ್ಟ್ರು ಅಂತಲೇ ಹೆಸರು. ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ಮನುಷ್ಯ. ನಮ್ಮಲ್ಲಿ ಸ್ಟೀರಿಂಗ್ ಇರುವುದು ಬಲಗಡೆ, ಕಲಿಯುವವರು ಅಲ್ಲಿ ಕೂರುತ್ತಾರೆ. ಭಾವ ಎಡಗಡೆ ಸೀಟಿನಲ್ಲಿ ಕೂತು, ತಮ್ಮ ಕಾಲ ಬುಡದಲ್ಲಿ ಬೇರೆಯಾಗಿ ಹಾಕಿಸಿಕೊಂಡಿರುವ ಎರಡನೇ ಬ್ರೇಕಿನ ಮೇಲೆ ಬಲಗಾಲು ಇಟ್ಟುಕೊಂಡಿರುತ್ತಾರೆ. ಕಲಿಯುವವನು ತಪ್ಪು ಮಾಡುವುದಕ್ಕೆ ಮೊದಲೇ ಒತ್ತಿಬಿಡುತ್ತಾರೆ. ಅವರ ಚಪ್ಪಲಿಯಲ್ಲಿ ಮೊದಲು ಸವೆಯುವುದು ಯಾವಾಗಲೂ ಬಲಗಾಲಿನದು. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಅಲ್ಲೂ ನೆಲ ಒತ್ತುತ್ತಾ ಕೂರುತ್ತಾರೆ. "ನಿದ್ದೇಲೂ ತುಳೀತಾರೆ ಕಣೋ" ಅಂತ ಅಕ್ಕ ಹೇಳಿ ನಗುತ್ತಿದ್ದಳು.

ಅವರು ಸುಮಾರು ನಾಲ್ಕು ಸಾವಿರ ಜನಕ್ಕೆ ಕಾರು ಕಲಿಸಿದ್ದಾರೆ. ಗಡಿಯಾರ ರಿಪೇರಿ ಮಾಡಿಕೊಂಡು ನನ್ನ ಪಾಡಿಗಿದ್ದ ನನ್ನನ್ನೂ ಬಿಡಲಿಲ್ಲ. ಎಷ್ಟು ಬೈಸಿಕೊಂಡೆನೆಂದರೆ, ಲೈಸೆನ್ಸ್ ಕೈಗೆ ಬಂದ ದಿನ ಸ್ಟೀರಿಂಗಿಗೆ ಕೈಮುಗಿದವನು ಮತ್ತೆ ಅದನ್ನು ಮುಟ್ಟಿಲ್ಲ. ಅವರು ಕಲಿಸದೆ ಬಿಟ್ಟಿದ್ದು ಒಬ್ಬಳಿಗೇ, ನನ್ನ ಅಕ್ಕನಿಗೆ.

ಮದುವೆಯಾಗಿ ಹತ್ತು ವರ್ಷದ ಮೇಲೆ ಅವಳೇ ಬಾಯಿಬಿಟ್ಟು ಕೇಳಿದಳು. ಮೈದಾನಕ್ಕೆ ಕರೆದುಕೊಂಡು ಹೋದರು. ಒಂದು ಸುತ್ತಿಗೆ ಹನ್ನೊಂದು ಸಲ ಬ್ರೇಕ್ ಒತ್ತಿದರು. ಊರವರಿಗೆಲ್ಲ ಎರಡೋ ಮೂರೋ, ಹೆಂಡತಿಗೆ ಹನ್ನೊಂದು. ಹಿಂದಿನ ಸೀಟಿನಲ್ಲಿದ್ದ ನಾನು ಎಣಿಸಿದ್ದೇನೆ. ಹನ್ನೆರಡನೆಯದಕ್ಕೆ ಕಾಯದೆ ಅಕ್ಕ ಇಳಿದು, ಬಾಗಿಲು ಕೂಡ ಹಾಕದೆ ಮನೆಗೆ ನಡೆದುಬಿಟ್ಟಳು. ಸಂಜೆ ಕಾಫಿ ಕುಡಿಯುತ್ತಾ ಭಾವ, "ಓಡ್ಸೋಕೆ ನಾನಿದ್ದೀನಲ್ಲ, ನಿನಗ್ಯಾಕೆ ಈ ತಾಪತ್ರಯ?" ಅಂದರು. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ.

ನಾಲ್ಕು ವರ್ಷದ ಹಿಂದೆ ಅಕ್ಕ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಹಿಡಿದು ಬೇರೆ ದೇಶಕ್ಕೆ ಹೋದಳು. ಈ ವರ್ಷ ಒಂದು ಬೆಳಿಗ್ಗೆ ಅಲ್ಲಿ ಹಾಸಿಗೆಯಿಂದ ಏಳಲಿಲ್ಲ. ಹೃದಯ ನಿಂತಿತ್ತಂತೆ. ಫೋನ್ ಬಂದಾಗ ಭಾವ ಒಬ್ಬ ಟೀಚರಮ್ಮನಿಗೆ ರಿವರ್ಸ್ ಕಲಿಸುತ್ತಿದ್ದರು. "ಹ್ಞೂ, ಸರಿ" ಅಂತ ಫೋನ್ ಇಟ್ಟು, "ಹಿಂದೆ ನೋಡಮ್ಮಾ" ಅಂತ ಪಾಠ ಮುಗಿಸಿಯೇ ಮನೆಗೆ ಬಂದರು. ನಾನು ಗೋಳೋ ಅಂತ ಅಳುತ್ತಿದ್ದರೆ ಅವರು ಹೊರಗೆ ಹೋಗಿ ಟೈರಿನ ಗಾಳಿ ನೋಡಿದರು. ಕಲ್ಲು ಕರಗೀತು, ಈ ಮನುಷ್ಯ ಕರಗಲಾರ ಅಂದುಕೊಂಡೆ. ಅವತ್ತು ಹತ್ತಿದ ಸಿಟ್ಟು ನನಗೆ ಇಳಿದಿರಲಿಲ್ಲ.

ದಹನ ಅಲ್ಲೇ ಆಯಿತು. ಬೂದಿಯನ್ನು ಸ್ಮಶಾನದ ಕಚೇರಿಯಲ್ಲಿ ಇಟ್ಟಿದ್ದೇವೆ, ಶುಕ್ರವಾರ ನಾಲ್ಕು ಗಂಟೆಯೊಳಗೆ ಬಂದು ತೆಗೆದುಕೊಳ್ಳಿ, ಇಲ್ಲದಿದ್ದರೆ ಪಾರ್ಸೆಲ್ ಮಾಡುತ್ತೇವೆ ಎಂದು ಕಾಗದ ಬಂತು. ಭಾವ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

"ಅವಳೇನು ಸಾಮಾನಾ, ಪಾರ್ಸೆಲ್ ಮಾಡೋಕೆ?" ಅಂದರು. ಅಷ್ಟೇ. ಇಬ್ಬರೂ ಹೊರಟೆವು.

ವಿಮಾನ ತಡವಾಗಿ, ನಾವು ಇಳಿದಾಗ ಶುಕ್ರವಾರ ಹನ್ನೆರಡೂವರೆ. ಕಚೇರಿ ಇದ್ದದ್ದು ತೊಂಬತ್ತು ಕಿಲೋಮೀಟರ್ ಆಚೆ. ಆ ಕಡೆಯ ಬಸ್ಸು ಹೋಗಿಯಾಗಿತ್ತು. ಟ್ಯಾಕ್ಸಿ ವಿಚಾರಿಸೋಣ ಅನ್ನುವಷ್ಟರಲ್ಲಿ ಭಾವ ಬಾಡಿಗೆ ಕಾರಿನ ಕೌಂಟರಿನ ಮುಂದೆ ನಿಂತಿದ್ದರು. ಬೇರೆಯವರು ಓಡಿಸುವ ಕಾರಿನಲ್ಲಿ ಅವರು ಮುಳ್ಳಿನ ಮೇಲೆ ಕೂತ ಹಾಗೆ ಕೂರುತ್ತಾರೆ. ಅದಕ್ಕೇ ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟನ್ನು ಊರಲ್ಲೇ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು.

ಉಳಿದಿದ್ದುದು ಒಂದೇ ಕಾರು, ಅದಕ್ಕೆ ಕ್ಲಚ್ ಇಲ್ಲ. ಕೌಂಟರಿನ ಹೆಂಗಸು ಕಾರಿನ ಸುತ್ತ ಬಂದು, ಮೊದಲೇ ಇದ್ದ ಗೀರುಗಳನ್ನು ಕಾಗದದಲ್ಲಿ ಗುರುತು ಮಾಡಿಕೊಂಡಳು. ಭಾವ ಅವಳ ಹಿಂದೆಯೇ ಹೋಗಿ, ಅವಳ ಕಣ್ಣಿಗೆ ಬೀಳದ ಇನ್ನೆರಡನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಅವರು ಎಡಗಡೆ ಬಾಗಿಲು ತೆಗೆದು ಕೂತರು, ನಾನು ಬಲಗಡೆ ಕೂತೆ. ಬೆಲ್ಟ್ ಹಾಕಿಕೊಂಡೆವು. ಒಂದು ನಿಮಿಷ ಕಳೆಯಿತು. ಕಾರು ಅಲ್ಲೇ ಇತ್ತು.

ಭಾವ ನೇರವಾಗಿ ಮುಂದೆ ನೋಡುತ್ತಾ, "ಹ್ಞೂ. ಕನ್ನಡಿ ನೋಡು. ಇಂಡಿಕೇಟರ್ ಹಾಕು. ನಿಧಾನಕ್ಕೆ ಕ್ಲಚ್ ಬಿಡು," ಅಂದರು.

"ಭಾವ," ಅಂದೆ, "ಸ್ಟೀರಿಂಗ್ ನಿಮ್ಮ ಮುಂದಿದೆ."

ಅವರು ತಲೆ ತಗ್ಗಿಸಿ ನೋಡಿದರು. "ಓ," ಅಂದರು.

ಆ ದೇಶದಲ್ಲಿ ಎಲ್ಲ ತಿರುಗಾಮುರುಗಾ. ಗಾಡಿ ಹೋಗುವುದು ರಸ್ತೆಯ ಬಲಗಡೆ, ಓಡಿಸುವವನು ಕೂರುವುದು ಎಡಗಡೆ. ಅಂದರೆ ಭಾವ ಇಪ್ಪತ್ತಾರು ವರ್ಷ ಬೇರೆಯವರ ತಪ್ಪು ಕಾಯುತ್ತಾ ಕೂತ ಜಾಗ. ಆ ಸೀಟಿನಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಎದುರಿಗೆ ಲಾರಿ ಕಂಡರೆ ಬ್ರೇಕ್. ಕಾಣದಿದ್ದರೂ ಬ್ರೇಕ್. ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಬಂದು ಬ್ರೇಕಿನ ಮೇಲೇ ಬೀಳುತ್ತಿತ್ತು, ನನ್ನ ಹಣೆ ಗಾಜಿನ ಹತ್ತಿರಕ್ಕೆ ಹೋಗಿ ಬರುತ್ತಿತ್ತು. ಒಂದು ವೃತ್ತದಲ್ಲಿ ಹೊರಗೆ ಹೋಗುವ ದಾರಿ ಹಿಡಿಯಲಾಗದೆ ನಾಲ್ಕು ಸುತ್ತು ಹಾಕಿದೆವು. ಮೂರನೇ ಸುತ್ತಿಗೆ ಪಾದಚಾರಿಯೊಬ್ಬ ನಮಗೆ ಕೈಬೀಸಿದ. ನಾಲ್ಕು ಸಾವಿರ ಜನಕ್ಕೆ ಕಲಿಸಿದ ಮೇಷ್ಟ್ರು!

ಎರಡು ಗಂಟೆಯಾಯಿತು. ನಾವು ಬಂದಿದ್ದು ಇಪ್ಪತ್ತು ಕಿಲೋಮೀಟರ್. ನನ್ನ ತಾಳ್ಮೆ ಮುಗಿಯಿತು.

"ಕಾಲು ತೆಗೀರಿ ಭಾವ, ಸಾಕು! ಅವಳಿಗೂ ಹೀಗೇ ಮಾಡಿದ್ರಿ. ಇನ್ನು ಅವಳು ಪಾರ್ಸೆಲ್ಲಲ್ಲೇ ಬರ್ತಾಳೆ ಬಿಡಿ!"

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಭಾವ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಡಗಾಲನ್ನು ಮಡಿಸಿ ಸೀಟಿನ ಬುಡಕ್ಕೆ ಸೇರಿಸಿಕೊಂಡು ಮತ್ತೆ ಹೊರಟರು. ಕಚೇರಿ ಮುಟ್ಟಿದಾಗ ಮೂರು ಐವತ್ತೆರಡು.

ಎರಡು ಕುರ್ಚಿ, ಒಂದು ಮೇಜು ಇದ್ದ ಸಣ್ಣ ಕೋಣೆ. ಗುಮಾಸ್ತ ತೋರಿಸಿದ ಕಡೆಯೆಲ್ಲ ಭಾವ ಸಹಿ ಹಾಕಿದರು. ಅವನು ಎರಡು ಇಟ್ಟಿಗೆಯಷ್ಟು ದೊಡ್ಡದಾದ ಬೂದು ಪೆಟ್ಟಿಗೆ ತಂದಿಟ್ಟ. ಭಾವ ಅದನ್ನು ಎತ್ತಿಕೊಂಡು, ಒಮ್ಮೆ ತೂಕ ನೋಡುವ ಹಾಗೆ ಕೈ ಆಡಿಸಿ, ಎದೆಗೆ ಹಿಡಿದುಕೊಂಡರು. ಮುಖದಲ್ಲಿ ಏನೂ ಇರಲಿಲ್ಲ.

ಅಕ್ಕ ನೋಡಿಕೊಳ್ಳುತ್ತಿದ್ದ ಅಜ್ಜಿಯ ಮಗಳು ನಮಗಾಗಿ ಅಲ್ಲಿ ಕಾಯುತ್ತಿದ್ದಳು. ಅಕ್ಕನ ಸಾಮಾನಿದ್ದ ಲಕೋಟೆಯನ್ನು ಕೊಟ್ಟಳು. ಅದರಲ್ಲಿ ಒಂದು ಕನ್ನಡಕ, ನಾನು ಕೊಟ್ಟಿದ್ದ ಕೈಗಡಿಯಾರ, ಮತ್ತೊಂದು ಕಾರ್ಡು. ಗಡಿಯಾರ ಇನ್ನೂ ಓಡುತ್ತಿತ್ತು, ಎರಡು ನಿಮಿಷ ಹಿಂದಿತ್ತು. ಕಾರ್ಡಿನ ಮೇಲೆ ಅಕ್ಕನ ಫೋಟೋ. ಅದು ಆ ದೇಶದ ಡ್ರೈವಿಂಗ್ ಲೈಸೆನ್ಸು. ಮೂರು ವರ್ಷದ ಹಿಂದಿನ ತಾರೀಖು.

ನನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದೆ. ಅಜ್ಜಿಗೆ ಸಮುದ್ರ ನೋಡುವ ಹುಚ್ಚಂತೆ. ಅದಕ್ಕಾಗಿ ಅಕ್ಕ ಕಾರು ಕಲಿತಳಂತೆ. ಪರೀಕ್ಷೆಯಲ್ಲಿ ಎರಡು ಸಲ ಫೇಲ್, ಮೂರನೇ ಸಲ ಪಾಸ್. ಭಾನುವಾರ ಬಂದರೆ ಕಾರು ಬಾಡಿಗೆಗೆ ತಂದು, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದವರೆಗೂ ಹೋಗಿಬರುತ್ತಿದ್ದಳಂತೆ. ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳೆಂದರೆ, ಬ್ರೇಕ್ ಹಾಕಿದ್ದು ಪಕ್ಕದವರಿಗೆ ಗೊತ್ತೇ ಆಗುತ್ತಿರಲಿಲ್ಲವಂತೆ. ಗಂಡನಿಗೆ ಹೇಳಿದೆಯಾ ಎಂದು ಈ ಮಗಳು ಒಮ್ಮೆ ಕೇಳಿದ್ದಳಂತೆ. "ಊರಿಗೆ ಹೋದಾಗ ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗ್ತೀನಿ, ಆಗ ಗೊತ್ತಾಗುತ್ತೆ" ಅಂದಿದ್ದಳಂತೆ.

ಸಿಟ್ಟಿನಲ್ಲಿದ್ದ ನಾನು ಒಂದು ಮಾತನ್ನೂ ಬಿಡದೆ ಭಾವನಿಗೆ ಹೇಳಿದೆ. ಹೇಳಿ ಮುಗಿಸಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಭಾವ ಕಾರ್ಡನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. "ಮೂರನೇ ಸಲಕ್ಕೆ ಪಾಸಾ?" ಅಂದರು. ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದರು.

ನಾನು ಬಲಗಡೆ ಬಾಗಿಲಿಗೆ ಕೈ ಹಾಕಿದೆ.

"ನೀನು ಹಿಂದೆ ಕೂತ್ಕೋ," ಅಂದರು.

ಹಿಂದಿನ ಸೀಟಿಗೆ ಹೋದೆ. ಭಾವ ಪೆಟ್ಟಿಗೆಯನ್ನು ಬಲಗಡೆ ಸೀಟಿನ ಮೇಲೆ ಇಟ್ಟು, ಬೆಲ್ಟ್ ಎಳೆದು ಹಾಕಿ, ಗಟ್ಟಿಯಾಯಿತೋ ಇಲ್ಲವೋ ಅಂತ ಎರಡು ಸಲ ಜಗ್ಗಿ ನೋಡಿದರು. ಸುತ್ತಿ ಬಂದು ಎಡಗಡೆ ಕೂತರು. ಎಡಗಾಲನ್ನು ಸೀಟಿನ ಬುಡಕ್ಕೆ ಸೇರಿಸಿದರು.

"ಕನ್ನಡಿ ನೋಡು," ಅಂದರು. "ಇಂಡಿಕೇಟರ್ ಹಾಕು."

ಅವರ ಎರಡೂ ಭುಜ ಅಲುಗುತ್ತಿರುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಹ್ಞೂ, ಓಡ್ಸು," ಅಂದರು. "ನಾನು ಒತ್ತಲ್ಲ ಕಣೇ."

ಕಾರು ಒಂದು ಚೂರೂ ಕುಲುಕದೆ ಹೊರಟಿತು.