ಹಳೇ ಹೋಟೆಲ್ಲಿನ ಹಿಂದಿನ ಕಿಟಕಿ

ಕಳೆದ ಭಾನುವಾರ ಪುಟ್ಟತಾಯಮ್ಮ ಮೇಡಂ ಕಾಫಿ ಮುಟ್ಟದೆ ಎದ್ದು ನಿಂತರು. ಕಾಫಿ ಚೆನ್ನಾಗೇ ಇತ್ತು. ಆದರೆ ಬಂದದ್ದು ತೆಂಗಿನ ಕರಟದಲ್ಲಿ.

ಮೇಡಂ ನನ್ನ ಜೊತೆ ಒಂದೇ ಸ್ಕೂಲಿನಲ್ಲಿ ಪಾಠ ಮಾಡಿದವರು. ರಿಟೈರ್ ಆದ ಮೇಲೆ ಚಿಕ್ಕನಾಯಕನಹಳ್ಳಿಯಲ್ಲಿದ್ದಾರೆ. ಯಾವುದೋ ಮದುವೆಗೆಂದು ತಿಪಟೂರಿಗೆ ಬಂದಿದ್ದರು. ಕೊಬ್ಬರಿ ಮಂಡಿ ಹತ್ತಿರದ ಹಳೇ ಹೋಟೆಲ್ ಮತ್ತೆ ಶುರುವಾಗಿದೆ, ಬನ್ನಿ ಅಂತ ಎಳೆದುಕೊಂಡು ಹೋದವನು ನಾನೇ. (ಹೆಂಚು, ಮರದ ಕಂಬ, ರೆಡ್ ಆಕ್ಸೈಡ್ ನೆಲ ಎಲ್ಲ ಹಾಗೇ ಉಳಿಸಿದ್ದಾರೆ. ಅದಕ್ಕೆ ಶಹಬ್ಬಾಸ್.) ಬಾಗಿಲಲ್ಲಿ ಅವರು ತುಸು ಹೊತ್ತು ನಿಂತರು. ಕಂಬ ನೋಡುತ್ತಿದ್ದಾರೆ ಅಂದುಕೊಂಡೆ.

ಒಳಗೆ ಗೋಡೆ ತುಂಬ ಕಟ್ಟಡದ ಚರಿತ್ರೆ. ದಪ್ಪಕ್ಷರದಲ್ಲಿ ಒಂದು ಸಾಲು: ‘ಜಾತಿಭೇದ ಅರಿಯದೆ ಇಡೀ ಊರು ಒಟ್ಟಿಗೆ ಕೂತು ಕಾಫಿ ಕುಡಿದ ತಾಣ.’

ಆಗ ಬಂತು ಕರಟ. “ನಮ್ ಸ್ಪೆಷಲ್ಲು ಮೇಡಂ. ಪ್ಲಾಸ್ಟಿಕ್ ಇಲ್ಲ, ಎಲ್ಲಾ ನ್ಯಾಚುರಲ್ಲು” ಎಂದ ಸಪ್ಲೈಯರ್.

ಮೇಡಂ ಎದ್ದರು.

“ನಮ್ಮಪ್ಪ ಮಂಡೀಲಿ ಮೂಟೆ ಹೊರ್ತಿದ್ದ ಸಾರ್. ಈ ಹೋಟ್ಲು ಹಿಂದ್ಗಡೆ ಒಂದ್ ಕಿಟಕಿ ಇತ್ತು. ನಮ್ ಕೇರಿಯೋರು ಅಲ್ಲೇ ನಿಂತ್ಕಬೇಕು. ಕರಟ ಹಿಡುದ್ರೆ ಮೇಲಿಂದ ಹುಯ್ಯೋರು. ಕುಡುದ್ಮೇಲೆ ನಾವೇ ತೊಳ್ದು ಬೇಲಿಗೆ ಸಿಗಿಸ್ಬೇಕು. ನಾನೂ ಕುಡ್ದಿದೀನಿ.”

ಅವರಪ್ಪ ಹೊತ್ತ ಕೊಬ್ಬರಿಗೆ ಮೈಲಿಗೆ ಇಲ್ಲ. ಅವರಪ್ಪ ಮುಟ್ಟಿದ ಲೋಟಕ್ಕೆ ಮೈಲಿಗೆ! ಇದು ಯಾವ ಸೀಮೆ ನ್ಯಾಯ?

ಮಾಲೀಕ ಓಡಿಬಂದ. ಹಳೇ ಮಾಲೀಕರ ಮೊಮ್ಮಗ.

“ಹಳೇದೆಲ್ಲ ಯಾಕಮ್ಮ ಈಗ? ಆಗ ಎಲ್ಲಾ ಕಡೆ ಹಂಗೇ ಇತ್ತು ಕಣಮ್ಮ. ಬುಡಿ, ಸ್ಟೀಲ್ ಲೋಟದಲ್ಲಿ ಕೊಡುಸ್ತೀನಿ.”

“ಎಲ್ಲಾ ಕಡೆ ಇತ್ತು ಅಂತ್ಲೇ ಬರಸ್ಬೋದಿತ್ತಲ್ಲಪ್ಪ. ಇರ್ಲೇ ಇಲ್ಲ ಅಂತ ಯಾಕ್ ಬರ್ಸಿದೀಯ?”

“ತಿನ್ನಕ್ ಬಂದೋರ ಮೂಡ್ ಹಾಳಾಗಲ್ವಾ?”

ಮೂಡ್! ನನಗೆ ಮೈಯೆಲ್ಲ ಉರಿದುಹೋಯಿತು. ಏನೇನೋ ಕೂಗಾಡಿದೆ. ಅಕ್ಕಪಕ್ಕದ ಟೇಬಲ್ಲಿನವರು ದೋಸೆ ಬಿಟ್ಟು ನಮ್ಮನ್ನೇ ನೋಡಿದರು.

ಮೇಡಂ ಅಷ್ಟರಲ್ಲಿ ಹಿಂದಕ್ಕೆ ಹೋಗಿದ್ದರು. ಕಿಟಕಿಗೆ ಇಟ್ಟಿಗೆ ಕಟ್ಟಿ, ಅಲ್ಲೇ ವಾಷ್ ಬೇಸಿನ್ ಕೂರಿಸಿದ್ದಾರೆ. ಮೇಲೊಂದು ಕನ್ನಡಿ. ಯಾರೋ ಹುಡುಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ಅವಳು ಸರಿದ ಮೇಲೆ ಮೇಡಂ ಗೋಡೆಗೆ ಅಂಗೈ ಊರಿದರು. “ಇಲ್ಲೇ ಕಣ್ರೀ” ಅಂದರು, ಅಷ್ಟೇ.

ಹಳೇ ಕಟ್ಟಡ ಉಳಿಸುವುದು ಅಂದರೇನು ಸ್ವಾಮಿ? ಕಂಬಕ್ಕೆ ಪಾಲಿಶ್ ಹೊಡೆಯುವುದಾ? ಅಜ್ಜ ಮಾಡಿದ್ದಕ್ಕೆ ಮೊಮ್ಮಗನನ್ನು ನಾನು ಬೈಯುತ್ತಿಲ್ಲ. ಮೊಮ್ಮಗ ಬರೆಸಿದ ಸುಳ್ಳಿಗೆ ಬೈಯುತ್ತಿದ್ದೇನೆ. ಆ ಕಿಟಕಿಯ ಹೊರಗೆ ನಿಂತವರು ಇನ್ನೂ ಬದುಕಿರುವಾಗಲೇ ಇಷ್ಟು ಧೈರ್ಯ!

ಮೊನ್ನೆ ಮಾಲೀಕನೇ ಫೋನ್ ಮಾಡಿದ್ದ. “ಆ ಲೈನ್ ಅಳಿಸ್ಬುಟ್ಟಿದೀನಿ ಸಾರ್. ಈಗ ಸಮಾಧಾನವಾ?”

ಸುಳ್ಳು ಅಳಿಸಿದೆಯಪ್ಪ, ಸರಿ. ನಿಜ ಬರೆಸುವುದು ಯಾವಾಗ?