ಐದನೆಯ ಕ್ಷಮಾಪಣೆ ಪತ್ರ

ಮೊನ್ನೆ ಸಿಂಗಾಪುರದ ಲಿಟಲ್ ಇಂಡಿಯಾದಲ್ಲಿ ಅಕ್ಕಿ, ಹುಣಸೆಹಣ್ಣು ಮನೆಗೆ ಕಳಿಸಲು ಹೇಳಿ ನಿಂತಿದ್ದೆ. ಅಂಗಡಿಯ ಆಂಟಿ ನನ್ನ ಬ್ಲಾಕ್ ನಂಬರ್ ತಪ್ಪು ಬರೆದುಕೊಂಡು, ಡ್ರಾಯರಿನಿಂದ ಪುಟ್ಟ ವೈಟ್ನರ್ ಬಾಟಲಿ ತೆಗೆದು ಅದರ ಮೇಲೆ ಬಳಿದು, ಉಫ್ ಎಂದು ಊದಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ತೈದು ಮೂವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಕಾಕಿ ಬುಕಿತ್‌ನ ಗೋದಾಮೊಂದರ ಮೇಲಿನ ನಮ್ಮ ಕ್ಲಬ್ಬಿನ ಆಫೀಸು, ನನ್ನ ಟೈಪ್‌ರೈಟರು, ಎದುರಿಗೆ ಮೊಣಕಾಲಿನ ಮೇಲೆ ಐಸ್ ಚೀಲ ಇಟ್ಟುಕೊಂಡು ಕುಳಿತ ಆ ಫ್ರೆಂಚಿನವನು…

ನಾನು ಆ ಫುಟ್‌ಬಾಲ್ ಕ್ಲಬ್ಬಿನ ಗುಮಾಸ್ತ. ಮೈಸೂರಿನಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೇ ನನ್ನ ಬಂಡವಾಳ. ಆಟದ ಬಗ್ಗೆ ಚೆಂಡು ದುಂಡಗಿದೆ ಎನ್ನುವುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ನಮ್ಮ ತಂಡದ ಆ ಫ್ರೆಂಚಿನವನ ಕಾಲಿಗೆ ಚೆಂಡು ಸಿಕ್ಕಿದಾಗ ನನ್ನಂಥವನೂ ಕುರ್ಚಿಯಿಂದ ಏಳುತ್ತಿದ್ದ. ಹತ್ತೊಂಬತ್ತಕ್ಕೇ ಅವನನ್ನು ದೇಶದ ತಂಡಕ್ಕೆ ಕರೆದಿದ್ದರಂತೆ. ತರಬೇತಿಯ ಮೂರನೆಯ ದಿನವೇ ಕೋಚ್ ಕಡೆಗೆ ಬೂಟು ಎಸೆದು ಹೊರಬಂದನಂತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಲ್ಲಿಂದ ಒಂದು ಕ್ಲಬ್ಬಿನಲ್ಲಿ ಜಗಳ, ಇನ್ನೊಂದರಲ್ಲಿ ಹೊಡೆದಾಟ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಮೂವತ್ಮೂರರ ವಯಸ್ಸಿಗೆ ಸಿಂಗಾಪುರಕ್ಕೆ ಬಂದಿಳಿದಿದ್ದ. ಇಲ್ಲಿಂದ ಮುಂದೆ ಇಳಿಯಲು ಮೆಟ್ಟಿಲಿಲ್ಲ ಎಂದು ಅವನೇ ಹೇಳುತ್ತಿದ್ದ.

ಬಂದ ವರ್ಷದೊಳಗೆ ನಾಲ್ಕು ಸಲ ಕೆಂಪು ಕಾರ್ಡು. ಪ್ರತಿ ಸಲವೂ ಶಿಸ್ತು ಸಮಿತಿಗೆ ಕ್ಷಮಾಪಣೆ ಪತ್ರ ಕೊಡಬೇಕು. ಮೊದಲನೆಯದನ್ನು ನಾನು ಬಹಳ ಮುತುವರ್ಜಿಯಿಂದ ಟೈಪ್ ಮಾಡಿದೆ. "ಕೋಪದ ಭರದಲ್ಲಿ ನನ್ನನ್ನೇ ಮರೆತೆ. ನನ್ನ ವರ್ತನೆಗೆ ಯಾವ ಸಮರ್ಥನೆಯೂ ಇಲ್ಲ. ಸಮಿತಿ ಕೊಡುವ ಶಿಕ್ಷೆಗೆ ಬದ್ಧ." ಎರಡನೆಯ ಸಲದಿಂದ ಸೋಮಾರಿತನ. ಅದೇ ಪತ್ರದ ತಾರೀಖು, ಎದುರಾಳಿ ತಂಡದ ಹೆಸರಿಗೆ ವೈಟ್ನರ್ ಬಳಿದು, ಊದಿ, ಹೊಸದನ್ನು ಟೈಪ್ ಮಾಡಿ ಜೆರಾಕ್ಸ್ ತೆಗೆದುಬಿಡುತ್ತಿದ್ದೆ. ಅವನು ಓದದೆ ಸಹಿ ಹಾಕುತ್ತಿದ್ದ. ಎರಡು ಮೂರು ಪಂದ್ಯ ಹೊರಗಿಟ್ಟು ಸಮಿತಿಯವರು ಸುಮ್ಮನಾಗುತ್ತಿದ್ದರು.

ಒಂದು ಭಾನುವಾರ ಅವನನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಮೊಸರನ್ನಕ್ಕೆ ಮಾವಿನಕಾಯಿ ಉಪ್ಪಿನಕಾಯಿ ನಂಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನೂ ಬೇಕು ಎಂದ. ಅವನು ಹೋದ ಮೇಲೆ ನನ್ನ ಹೆಂಡತಿ, "ಇವ್ರು ಗ್ರೌಂಡಲ್ಲಿ ಹೊಡೆದಾಡ್ತಾರಾ? ಸುಮ್ನಿರಿ! ತಟ್ಟೆ ತಾವೇ ತೊಳೆದಿಟ್ಟು ಹೋಗಿದಾರೆ. ಈ ಮನೇಲಿ ಇನ್ಯಾರು ಆ ಕೆಲಸ ಮಾಡಿದಾರೆ ಹೇಳಿ ನೋಡೋಣ," ಎಂದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

ಐದನೆಯ ಸಲ ಆದದ್ದೇ ಬೇರೆ. ನಮ್ಮ ಗೋಲ್‌ಕೀಪರ್ ಎದುರಾಳಿ ಆಟಗಾರನಿಗೆ ಡಿಕ್ಕಿ ಹೊಡೆದು ಬಿದ್ದ. ಪ್ರಜ್ಞೆ ಇಲ್ಲ, ನಾಲಿಗೆ ಗಂಟಲಿಗೆ ಹೊರಳಿದೆ. ಚೆಂಡು ಆ ತುದಿಗೆ ಹೋಗಿತ್ತು, ರೆಫರಿ ಅದರ ಹಿಂದೆ. ಫ್ರೆಂಚಿನವನು ಕೂಗಿದ, ಕೈ ಬೀಸಿದ, ಆಟ ನಿಲ್ಲಲಿಲ್ಲ. ಓಡಿಹೋಗಿ ರೆಫರಿಯ ಕೊರಳಿಂದ ಸೀಟಿ ಕಿತ್ತು ತಾನೇ ಊದಿದ. ಮೈದಾನವೆಲ್ಲ ಸ್ತಬ್ಧವಾಯಿತು. ಆಗ ಡಾಕ್ಟರ್ ಒಳಗೋಡಿದರು, ಗೋಲ್‌ಕೀಪರ್ ಬದುಕಿದ. ರೆಫರಿಯ ಮೈ ಮುಟ್ಟಿದ್ದಕ್ಕೆ ಇವನಿಗೆ ಮತ್ತೆ ಕೆಂಪು ಕಾರ್ಡು.

ಮ್ಯಾನೇಜರ್ ಅಂಕಲ್ ನನ್ನ ಮೇಜಿಗೆ ಬಂದು, "ಐದು ಗಂಟೆಯೊಳಗೆ ಲೆಟರ್ ಬೇಕು. ಇಲ್ಲಾಂದ್ರೆ ಅವನ ಟಿಕೆಟ್ ಬುಕ್ ಮಾಡು," ಎಂದರು. ಆಡದಿದ್ದರೆ ಕಾಂಟ್ರಾಕ್ಟ್ ಇಲ್ಲ. ಕಾಂಟ್ರಾಕ್ಟ್ ಇಲ್ಲದೆ ಈ ದೇಶದಲ್ಲಿ ಇರಲು ಪಾಸೂ ಇಲ್ಲ. ಅವನು ಮಧ್ಯಾಹ್ನ ಬಂದು ತನ್ನ ಒಡಕಲು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ಮೊದಲ ನಾಲ್ಕು ನನ್ನ ತಪ್ಪು. ಇದು ಅಲ್ಲ. ಈ ಸಲ ಆದದ್ದನ್ನು ಆದ ಹಾಗೆ ಬರೆ. ಗೋಲ್‌ಕೀಪರ್ ಬಂದು ಸಾಕ್ಷಿ ಹೇಳುತ್ತಾನೆ."

ಆಯಿತು ಎಂದೆ. ಆದರೆ ನನಗೆ ಭಯ. ದೊಡ್ಡವರ ಮುಂದೆ ಸಾಚಾ ಎಂದು ವಾದ ಮಾಡಿ ಗೆದ್ದವರನ್ನು ನಾನು ಕಂಡಿರಲಿಲ್ಲ. ತಗ್ಗಿ ಬಗ್ಗಿ ನಡೆದು ಉಳಿದುಕೊಂಡವರನ್ನು ಕಂಡಿದ್ದೆ, ನಾನೇ ಹಾಗೆ ಉಳಿದವನು. ಹಳೆಯ ಪತ್ರ ತೆಗೆದೆ. ತಾರೀಖಿಗೆ ವೈಟ್ನರ್, ತಂಡದ ಹೆಸರಿಗೆ ವೈಟ್ನರ್, ಉಫ್… ಅವನು ಎಂದಿನಂತೆ ಓದದೆ, ಗೋಡೆಗೆ ಒತ್ತಿಹಿಡಿದು ಸಹಿ ಹಾಕಿದ. "ಚೆನ್ನಾಗಿ ಬರೆದಿದ್ದೀಯಾ?" ಎಂದು ಮಾತ್ರ ಕೇಳಿದ. ಹೂಂ ಎಂದೆ.

ವಿಚಾರಣೆ ತಂಜಾಂಗ್ ಪಗಾರ್‌ನ ಒಂದು ಎತ್ತರದ ಕಟ್ಟಡದಲ್ಲಿ. ಕ್ಲಬ್ಬಿನ ಕಡೆಯಿಂದ ಫೈಲು ಹಿಡಿದು ನಾನೂ ಒಳಗಿದ್ದೆ. ದವಡೆಗೆ ಪಟ್ಟಿ ಕಟ್ಟಿಕೊಂಡ ಗೋಲ್‌ಕೀಪರ್ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ. ಅಧ್ಯಕ್ಷರು ಪತ್ರವನ್ನು ಗಟ್ಟಿಯಾಗಿ ಓದಿದರು. ಯಾವ ಸಮರ್ಥನೆಯೂ ಇಲ್ಲ ಎಂಬ ಸಾಲು ಬಂದಾಗ ಫ್ರೆಂಚಿನವನು ತಲೆ ಎತ್ತಿದ. "ತಪ್ಪು ನೀವೇ ಒಪ್ಪಿಕೊಂಡಿದ್ದೀರಿ. ಇನ್ನು ಸಾಕ್ಷಿಯ ಅಗತ್ಯವಿಲ್ಲ. ಇದು ನಿಮ್ಮದೇ ಪತ್ರವಲ್ಲವೇ?" ಎಂದು ಅಧ್ಯಕ್ಷರು ಕೇಳಿದರು.

ಅವನು ನನ್ನತ್ತ ನೋಡಿದ. ನಾನು ಏಳಬೇಕಿತ್ತು. ಎರಡು ಮಾತು ಸಾಕಿತ್ತು. ನೆಲದ ಕಾರ್ಪೆಟ್ ನೋಡುತ್ತಾ ಕುಳಿತೆ. ಬಾಯಿ ತೆರೆದರೆ ಬೆಂಕಿ ಕಾರುತ್ತಿದ್ದ ಆ ಮನುಷ್ಯ ಮೆಲ್ಲಗೆ, "ಹೌದು, ನನ್ನದೇ," ಎಂದ.

ಐದನೆಯ ತಪ್ಪು ಎಂದು ಒಂದು ವರ್ಷ ನಿಷೇಧ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಲಿಫ್ಟಿನಲ್ಲಿ ನಾವಿಬ್ಬರೇ. ಬೈಯಲಿ, ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಳಗಿಳಿದ ಮೇಲೆ ಅವನು ನನ್ನ ಭುಜ ತಟ್ಟಿ, "ನಿನ್ನದು ಮೊದಲನೇ ತಪ್ಪು. ಹಳದಿ ಕಾರ್ಡು ಸಾಕು," ಎಂದ. ನಗಲು ನೋಡಿದ, ಆಗಲಿಲ್ಲ. ಅದೇ ವಾರ ಊರಿಗೆ ಹೊರಟ. ವಿಷಯ ಗೊತ್ತಿಲ್ಲದ ನನ್ನ ಹೆಂಡತಿ ಒಂದು ಬಾಟಲಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಆಮೇಲೆ ಅವನು ಎಲ್ಲಿಯೂ ಆಡಲಿಲ್ಲ.

ಆ ಗೋಲ್‌ಕೀಪರ್ ಈಗ ನಮ್ಮ ಮನೆ ಹತ್ತಿರದ ಹಾಕರ್ ಸೆಂಟರಿನಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ, ಕಾಫಿ ಅಂಗಡಿ ಇಟ್ಟಿದ್ದಾನೆ. ಅಜ್ಜನಾಗಿದ್ದಾನೆ. ಫ್ರೆಂಚಿನವನು ಹೃದಯಾಘಾತದಿಂದ ತೀರಿಕೊಂಡ ಸುದ್ದಿಯನ್ನು ಹೋದ ವರ್ಷ ನನಗೆ ಹೇಳಿದವನೂ ಅವನೇ. ಮೊನ್ನೆ ಅಂಗಡಿಯಿಂದ ಬರುವಾಗ, ಇನ್ನೂ ಮೂಗಿನಲ್ಲಿ ಆ ವಾಸನೆ ಇಟ್ಟುಕೊಂಡೇ, ಅವನಲ್ಲಿ ಕಾಫಿಗೆ ಕುಳಿತೆ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಕುಳಿತಿದ್ದೆ. ಲೋಟ ಇಡುತ್ತಾ ಅವನು ಎಂದಿನ ಪ್ರಶ್ನೆಯನ್ನೇ ಕೇಳಿದ: "ಅಂಕಲ್, ಅವತ್ತು ನಾನು ಮೂರು ಗಂಟೆ ಆ ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನ ಯಾಕೆ ಒಳಗೆ ಕರೀಲೇ ಇಲ್ಲ?"

"ಗೊತ್ತಿಲ್ಲಪ್ಪ," ಎಂದೆ. ಕಾಫಿ ಬಿಸಿಯಾಗಿತ್ತು. ಊದಿಕೊಂಡು ಕುಡಿದೆ.